ಸಾಲಿಯ ಊಟ, ಸಾಲಿನ ಊಟ

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

'ನಮ್ಮ ಬಾಲ್ಯದ ಊಟ' ಎಂಬ ವಿಷಯ ಕೊಟ್ಟಿದ್ದೀರಿ. ಆಮಂತ್ರಣ ಪತ್ರಿಕೆ ನೋಡಿ ನನ್ನ ಮಗಳು ನಕ್ಕಳು. 'ಅವ್ವಾ, ಈ ಸಲ ನಿನಗ ತಯಾರಿ ಬ್ಯಾಡ ಬಿಡು. ಮನ್ಯಾಗ ದಿನಾ ಮಾಡೋ ಭಾಷಣಾನ ಅಲ್ಲಿ ಮಾಡಿ ಬಾ' ಅಂದಳು. ನಿಜವೇ. ನಮ್ಮ ವಯಸ್ಸಿನವರಿಗೆ ಊಟದ ಸುದ್ದಿ ತೆಗೆದರೆ ಬಾಯಿ ಮುಚ್ಚುವುದೇ ಇಲ್ಲ. ಆದರೆ ಅಂದಿನ ರೊಟ್ಟಿ ಎಷ್ಟು ರುಚಿ ಇತ್ತು ಎಂದಷ್ಟೇ ಹೇಳಿ ಕುಳಿತುಕೊಂಡರೆ ಈ ಮಠದ ವೇದಿಕೆ ಹತ್ತಿದ್ದಕ್ಕೆ ಅರ್ಥವಿಲ್ಲ. ಆ ರೊಟ್ಟಿಯನ್ನು ಯಾರ ಮಗ್ಗುಲಲ್ಲಿ ಕುಳಿತು ತಿಂದೆವು, ಯಾರ ಮಗ್ಗುಲಲ್ಲಿ ಕೂರಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು 1953ರಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಕೋಳಿ ಕೂಗುವ ಮೊದಲೇ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ ಏಳುತ್ತಿತ್ತು. ಹಾಸಿಗೆಯಲ್ಲಿ ಮಲಗಿಕೊಂಡೇ ಇದು ನಮ್ಮವ್ವನ ಕೈ, ಇದು ಪಕ್ಕದ ಮನೆಯ ಕಾಕುವಿನ ಕೈ ಎಂದು ಗುರುತು ಹಿಡಿಯುತ್ತಿದ್ದೆವು. ಅವ್ವನ ಕೈ ಹಗುರ, ಸಪ್ಪಳವೂ ಹಗುರ. ಎಸರು ಕುದಿಸಿ, ಹಿಟ್ಟಿಗೆ ಹಾಕಿ, ಕೊಣಮಿಗೆಯಲ್ಲಿ ನಾದಿ ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಅದರ ಮುಖ ನೋಡುವುದೇ ಒಂದು ಸಂತೋಷ. ಸಾಲಿಗೆ ಹೋಗುವಾಗ ಹಳೆಯ ಧೋತರದ ತುಂಡಿನಲ್ಲಿ ಎರಡು ರೊಟ್ಟಿ, ನಡುವೆ ಗುರೆಳ್ಳು ಹಿಂಡಿ, ಮೇಲೊಂದು ಹಸಿ ಉಳ್ಳಾಗಡ್ಡಿ. ಎಮ್ಮೆ ಈದ ವರ್ಷ ಬೆಣ್ಣೆಯ ಉಂಡೆ. ಹಬ್ಬದ ಮರುದಿನ ಹೋಳಿಗೆಯ ತುಂಡು. ಮಳೆಗಾಲಕ್ಕೆ ಪುಂಡಿಪಲ್ಯ, ಚಳಿಗಾಲಕ್ಕೆ ಕಡಲೆ ಹೊಲದ ಸೊಪ್ಪಿನ ಪಲ್ಯ. ಸಂಕ್ರಮಣದ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಂತೆಂದರೆ ಆ ಗಂಟು ಮಧ್ಯಾಹ್ನದವರೆಗೆ ಉಳಿಯುತ್ತಿರಲಿಲ್ಲ. ಮಾಸ್ತರರು ಮಗ್ಗಿ ಹೇಳಿಸುತ್ತಿರುವಾಗಲೇ ಹಿಂದಿನ ಸಾಲಿನಲ್ಲಿ ಕರಂ ಕುರುಂ.

ಸೀತನಿಯ ದಿನಗಳಲ್ಲಿ ಗಂಟೇ ಬೇಡ. ಸಾಲಿ ಬಿಟ್ಟ ಕೂಡಲೇ ಹೊಲಕ್ಕೆ ಓಡಿ, ಹಾಲು ತುಂಬಿದ ಜೋಳದ ತೆನೆ ಬೆಂಕಿಯಲ್ಲಿ ಸುಟ್ಟು, ಕಂಬಳಿಯ ಮೇಲೆ ಬಡಿದು, ಬಾಯಿಗೆ ಮಸಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಅದರ ರುಚಿಯನ್ನು ನಾನು ಇಲ್ಲಿ ಮಾತಿನಿಂದ ಹೇಳಲಾರೆ, ಗೊತ್ತಿದ್ದವರಿಗೆ ಗೊತ್ತು.

ಸಾಲಿಯ ಅಂಗಳದಲ್ಲಿ ಒಂದು ಬೇವಿನ ಮರ. ಮಧ್ಯಾಹ್ನ ನಾವೆಲ್ಲ ಅದರ ನೆರಳಿಗೆ. ನನ್ನ ಹಿಂಡಿ ನಿನಗೆ, ನಿನ್ನ ಝುಣಕ ನನಗೆ. ಈ 'ಎಲ್ಲ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗೌಡರ, ಬಣಜಿಗರ, ಪಂಚಮಸಾಲಿಗಳ, ಗಾಣಿಗರ ಮಕ್ಕಳು ಮರದ ಬುಡಕ್ಕೆ. ಕುರುಬರ, ಅಂಬಿಗರ ಮಕ್ಕಳು ನೆರಳಿನ ಅಂಚಿಗೆ. ಕೇರಿಯಿಂದ ಬರುತ್ತಿದ್ದ ಏಳೆಂಟು ಮಕ್ಕಳು ಗೋಡೆಯ ಕಡೆಗೆ, ಬಿಸಿಲಿಗೆ. ಹೀಗೆ ಕೂರಿರಿ ಎಂದು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಯಾರೂ ಹೇಳದೆಯೇ ಎಲ್ಲರಿಗೂ ತಮ್ಮ ತಮ್ಮ ಜಾಗ ಗೊತ್ತಿತ್ತು. ನೀರಿನ ಹರವಿಯನ್ನು ನಾವು ಮುಟ್ಟಬಹುದಿತ್ತು. ಅವರು ಬೊಗಸೆ ಒಡ್ಡಿ ನಿಲ್ಲಬೇಕು, ನಮ್ಮಲ್ಲಿ ಯಾರಾದರೂ ಮೇಲಿನಿಂದ ಸುರಿಯಬೇಕು.

ಆ ಮಕ್ಕಳಲ್ಲಿ ಒಬ್ಬಳು ನನ್ನ ಪಕ್ಕದ ಪಾಟಿಯವಳು, ಲೆಕ್ಕದಲ್ಲಿ ನನಗಿಂತ ಚುರುಕು. ಊಟದ ಗಂಟೆ ಬಾರಿಸಿದ ಕೂಡಲೇ 'ಮನೀಗೆ ಹೋಗಿ ಉಂಡ ಬರ್ತೀನಿ' ಎಂದು ಓಡುತ್ತಿದ್ದಳು. ಹೋದಷ್ಟೇ ಬೇಗ ಬರುತ್ತಿದ್ದಳು. ಹಳ್ಳದ ಒರತೆಯಲ್ಲಿ ನೀರು ಕುಡಿದು ಬರುತ್ತಾಳೆ, ಅವರ ಮನೆಯಲ್ಲಿ ಹಗಲು ಒಲೆ ಹೊತ್ತುವುದಿಲ್ಲ ಎಂದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅವಳು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಳು. ಲೆಕ್ಕ ಬರುತ್ತಿದ್ದವಳು ಬಿಟ್ಟಳು, ಲೆಕ್ಕ ಬಾರದ ನಾನು ಮುಂದೆ ಮಾಸ್ತರ್ತಿಯಾದೆ. ರೊಟ್ಟಿಯ ಗಂಟಿಗೂ ಓದಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಬೇರೆ ಉದಾಹರಣೆ ಹುಡುಕಲು ಹೋಗುವುದಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ, 1960ರ ದಶಕದ ನಡುವೆ, ಸಾಲಿಗೆ ಉಪ್ಪಿಟ್ಟು ಬಂತು. ನನ್ನ ವಾರಿಗೆಯವರು ಇಲ್ಲಿ ತಲೆ ಅಲ್ಲಾಡಿಸುತ್ತಿದ್ದೀರಿ! ಹೌದು, ಅದೇ ಕೇರ್ ಉಪ್ಪಿಟ್ಟು. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ ನುಚ್ಚು, ಹಾಲಿನ ಪುಡಿ, ಎಣ್ಣೆಯ ತಗಡಿನ ಡಬ್ಬಿ. ಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರ. ಆ ಚಿತ್ರ ನೋಡಿ ನಾವು ಇಬ್ಬರು ಪೈಲವಾನರು ಕುಸ್ತಿಗೆ ಕೈ ಕೊಟ್ಟಿದ್ದಾರೆ ಎಂದುಕೊಂಡಿದ್ದೆವು. ಎಣ್ಣೆ ಮುಗಿದ ಡಬ್ಬಿಗಳು ಊರ ಮನೆಗಳಲ್ಲಿ ಕಾಳು ತುಂಬುವ ಡಬ್ಬಿಗಳಾದವು. ಹಾಲಿನ ಪುಡಿಯನ್ನು ನೀರಿಗೆ ಹಾಕಿ ಕಾಯಿಸಿ ಕೊಡಬೇಕು, ಆದರೆ ನಮಗೆ ಹಸಿ ಪುಡಿಯೇ ಬೇಕು. ಅಂಗೈಗೆ ಹಾಕಿಸಿಕೊಂಡು ನೆಕ್ಕಿದರೆ ಅಂಗುಳಕ್ಕೆ ಅಂಟಿ ಮಾತೇ ಹೊರಡುತ್ತಿರಲಿಲ್ಲ. ನಾನು ನಿವೃತ್ತಳಾದ ವರ್ಷವೇ, 2013ರ ಆಗಸ್ಟ್ 1ರಂದು, ನಮ್ಮ ಸರಕಾರ ಕ್ಷೀರಭಾಗ್ಯ ಶುರು ಮಾಡಿತು. ಅದೂ ಹಾಲಿನ ಪುಡಿಯೇ, ಆದರೆ ಈ ಸಲ ಅದು ನಮ್ಮ ರೈತರ ಆಕಳುಗಳದ್ದು. ಇಷ್ಟು ವರ್ಷಗಳಲ್ಲಿ ಹಡಗು ತಪ್ಪಿತಲ್ಲ ಎಂದು ಖುಷಿಯಾಯಿತು.

ಉಪ್ಪಿಟ್ಟು ಮಾಡುತ್ತಿದ್ದವನು ಸಾಲಿಯ ಸಿಪಾಯಿ, ಒಬ್ಬ ಮುಸಲ್ಮಾನ ಅಜ್ಜ. ಮೂರು ಕಲ್ಲಿನ ಒಲೆ, ಕರಿ ಹಿಡಿದ ಪಾತ್ರೆ. ಮುತ್ತುಗದ ಎಲೆಗಳ ಮೇಲೆ ಹಳದಿ ಉಪ್ಪಿಟ್ಟು ಬೀಳುತ್ತಿತ್ತು. ಪಾತ್ರೆ ಒಂದೇ, ಸೌಟು ಒಂದೇ. ಆ ಅಜ್ಜನಿಗೆ ಬೇವಿನ ಬುಡದಿಂದ ಗೋಡೆಯವರೆಗೆ ತಿರುಗಿ ಬಡಿಸುವ ತಾಳ್ಮೆ ಇರಲಿಲ್ಲ. 'ಎಲ್ಲಾ ಒಂದ ಸಾಲಿಗೆ ಕುಂದರ‍್ರಿ, ನನ್ನ ಕಾಲು ನೋಯ್ತಾವು' ಎಂದ. ಕೂತೆವು. ಕ್ರಾಂತಿ ಎಂದರೆ ಹೀಗೂ ಆಗುತ್ತದೆ, ಮುದುಕನ ಮೊಣಕಾಲು ನೋವಿನಿಂದ.

ಸುದ್ದಿ ಸಂಜೆಗೆ ಮನೆ ಮುಟ್ಟಿತು. ಆಯಿ ಬಾಗಿಲಲ್ಲೇ ತಡೆದಳು. 'ಯಾರ ಕೈಯಿಂದು ತಿಂದೀ? ಯಾರ ಮಗ್ಗಲಕ ಕುಂತಿದ್ದಿ? ಕೊರಳಾಗ ಲಿಂಗ ಐತಿ ಅನ್ನೂದರ ನೆಪ್ಪಿತ್ತೋ ಇಲ್ಲೋ?' ಎಂದು ಬಚ್ಚಲಿಗೆ ಕಳಿಸಲು ನೋಡಿದಳು. ಪಡಸಾಲೆಯಲ್ಲಿ ಕುಳಿತಿದ್ದ ಮುತ್ಯಾ ಅಕ್ಷರ ಕಲಿತವನಲ್ಲ, ಆದರೆ ಸೋಮವಾರದ ಶಿವಾನುಭವ ತಪ್ಪಿಸಿದವನಲ್ಲ. 'ಲಿಂಗ ಕೊರಳಾಗ ಇದ್ದ ಮ್ಯಾಲ ಮೈಲಿಗಿ ಎಲ್ಲಿಂದ ಬಂತ?' ಎಂದ, ಅಷ್ಟೇ. ಆಯಿಗೆ ಉತ್ತರ ಹೊಳೆಯಲಿಲ್ಲ. ಆದರೂ ನನ್ನ ಮೇಲೆ ಒಂದು ತಂಬಿಗೆ ನೀರು ಸುರಿದೇ ಬಿಟ್ಟಳು. ನನ್ನ ಮನೆಯಲ್ಲಿ ನಾನು ಕಂಡ ನಮ್ಮ ಧರ್ಮದ ಸ್ಥಿತಿ ಇದು. ಪಡಸಾಲೆಯಲ್ಲಿ ತತ್ವ, ಬಚ್ಚಲಲ್ಲಿ ತಂಬಿಗೆ.

ಮನೆಯೊಳಗೂ ಪಂಕ್ತಿ ಇತ್ತು ತಾಯಂದಿರೇ, ನಿಮಗೆ ಬೇರೆ ಹೇಳಬೇಕಾಗಿಲ್ಲ. ಮೊದಲು ಮುತ್ಯಾ, ಅಪ್ಪ, ಕಾಕಾಗಳು. ಆಮೇಲೆ ಗಂಡುಹುಡುಗರು. ಆಮೇಲೆ ನಾವು. ಕೊನೆಗೆ ಅವ್ವ. ಬಿಸಿರೊಟ್ಟಿ ಬಡಿಯುವ ಅವ್ವ ಬಿಸಿರೊಟ್ಟಿ ಉಂಡದ್ದನ್ನು ನಾನು ಕಂಡಿಲ್ಲ. ಬುಟ್ಟಿಯ ತಳದ ಮುರುಕು ರೊಟ್ಟಿ, ಗಡಿಗೆಯ ತಳದ ಸಾರು. 'ನನಗ ಕಟಕ ರೊಟ್ಟೀನ ಸೇರ್ತಾವು' ಎನ್ನುತ್ತಿದ್ದಳು. ಆ ಮಾತನ್ನು ನಾವೆಲ್ಲ ನಂಬಿದ್ದೆವು. ಬಾಲ್ಯದ ಊಟದ ಬಗ್ಗೆ ಬರೆಯುವ ಗಂಡಸರು ಅವ್ವನ ಕೈರುಚಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅವ್ವ ಎಷ್ಟು ಹೊತ್ತಿಗೆ ಉಂಡಳು ಎಂದು ಬರೆದವರು ಕಡಿಮೆ.

ನನ್ನ ಅಣ್ಣನನ್ನು ಏಳನೆಯ ಇಯತ್ತೆಯ ಮೇಲೆ ಪಟ್ಟಣದ ಒಂದು ಮಠದ ಪ್ರಸಾದ ನಿಲಯಕ್ಕೆ ಹಾಕಿದರು. ನಮ್ಮನ್ನು, ಹೆಣ್ಣುಮಕ್ಕಳನ್ನು, ಹಾಕಲು ಆಗ ಹತ್ತಿರದಲ್ಲೆಲ್ಲೂ ಅಂಥದ್ದು ಇರಲಿಲ್ಲ. ಅಲ್ಲಿಯ ಮಕ್ಕಳು ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೋಗುತ್ತಿದ್ದರು. ಯಾರ ಮನೆಯ ರೊಟ್ಟಿ ಯಾರ ತಟ್ಟೆಗೋ! ಒಂದರ ಮೇಲೆ ಎಳ್ಳು, ಇನ್ನೊಂದು ಹೊತ್ತಿದ್ದು, ಮತ್ತೊಂದು ನಿನ್ನೆಯದು. ದೀಪಾವಳಿ ಸೂಟಿಗೆ ಮನೆಗೆ ಬಂದ ಅಣ್ಣ ಉಂಡು ಎದ್ದವನೇ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟ. ಆಯಿ ಗಾಬರಿಯಾದಳು, 'ಗಂಡಸಮಗ ತಾಟ ತೊಳ್ಯಾಕತ್ತಾನ!' ಎಂದು. ಅಣ್ಣ, 'ಅಲ್ಲಿ ಅಪ್ಪಾವರ ತಾಟೂ ಅಪ್ಪಾವರ ತೊಳಕೋತಾರ' ಎಂದ. ಅಂದಿನಿಂದ ಅವ್ವನಿಗೆ ದಿನಕ್ಕೆ ಒಂದು ತಟ್ಟೆ ಕಡಿಮೆಯಾಯಿತು. ಒಂದೇ. ಉಳಿದ ಗಂಡಸರು ಕಲಿಯಲಿಲ್ಲ ಎನ್ನಿ.

ಮಠಗಳು ಮಾಡಿದ ಈ ಕೆಲಸವನ್ನು ನಾನು ಸಣ್ಣದು ಎನ್ನುವವಳಲ್ಲ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ, ಈ ಸಭೆಯಲ್ಲೂ ಇದ್ದೀರಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ. ಪೂಜ್ಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಆ ಸುದ್ದಿಯನ್ನು ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆ ತಿಳಿಸಿದರು. ಮೊದಲು ಮಕ್ಕಳು ಉಣ್ಣಲಿ ಎಂಬುದು ಸ್ವಾಮಿಗಳದೇ ಇಚ್ಛೆಯಾಗಿತ್ತು. ಆ ದಿನ ಟಿವಿಯ ಮುಂದೆ ಕುಳಿತು ನಾನು ಅತ್ತದ್ದು ಈ ಒಂದು ಮಾತಿಗೆ.

ಹೀಗಾಗಿ, 2002ರ ಜೂನ್‌ನಲ್ಲಿ ಸರಕಾರ ಸಾಲಿಯಲ್ಲೇ ಬಿಸಿಯೂಟ ಬೇಯಿಸುವ ಯೋಜನೆ ತಂದು ಅದಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು. ನಮ್ಮ ಮಾತು ಸರಕಾರಿ ಸುತ್ತೋಲೆಯಲ್ಲಿ! ಅದಕ್ಕೂ ಮುಂಚೆ, 1995ರಿಂದ, ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಕೊಡುತ್ತಿದ್ದರು. ಆ ಅಕ್ಕಿ ಮನೆಗೆ ಹೋಗುತ್ತಿತ್ತು, ಮನೆಯ ಪಂಕ್ತಿಯಲ್ಲಿ ಅದು ಯಾರ ತಟ್ಟೆಗೆ ಬೀಳುತ್ತಿತ್ತೋ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು, ನಮ್ಮ ವಿಜಾಪುರವೂ ಅದರಲ್ಲಿತ್ತು. ಪ್ರಾಥಮಿಕ ಸಾಲಿಯ ಮಗುವಿಗೆ 100 ಗ್ರಾಂ ಅಕ್ಕಿಯ ಲೆಕ್ಕ. ನಾನಾಗ ಒಂದು ಹಳ್ಳಿಯ ಸಾಲಿಗೆ ಮುಖ್ಯೋಪಾಧ್ಯಾಯಿನಿ. 140 ಮಕ್ಕಳು. ಮಧ್ಯಾಹ್ನದ ಮೇಲೆ ಖಾಲಿಯಾಗುತ್ತಿದ್ದ ತರಗತಿಗಳು ತುಂಬಿದವು. ಬೆಳಗಿನ ಪ್ರಾರ್ಥನೆಯಲ್ಲಿ ಹೊಟ್ಟೆಗೆ ಇಲ್ಲದೆ ಕುಸಿದು ಕೂರುವ ಮಕ್ಕಳಿಗೆ ಮಧ್ಯಾಹ್ನದ ಒಂದು ಆಸೆ ಹುಟ್ಟಿತು.

2004ರಲ್ಲಿ ಕೋರ್ಟು ಇನ್ನೊಂದು ಮಾತು ಹೇಳಿತು, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು. ನಮ್ಮ ಸಾಲಿಗೂ ಕೇರಿಯ ಒಬ್ಬ ವಿಧವೆ ತಾಯಿ ಅಡುಗೆಗೆ ಬಂದಳು. ಅವಳ ಕೈಯ ಸಾರು, ಸುಳ್ಳು ಹೇಳುವುದಿಲ್ಲ, ಮೊದಲಿದ್ದವಳಿಗಿಂತ ರುಚಿ. ಮೊದಲ ದಿನ ಉಂಡ ಮಕ್ಕಳು ನಲವತ್ತೂ ಇರಲಿಲ್ಲ. ಉಳಿದವರು ಡಬ್ಬಿ ತಂದಿದ್ದರು, ಇಲ್ಲವೇ ಮನೆಗೆ ಹೋದರು. ಡಬ್ಬಿ ತಂದವರಲ್ಲಿ ಹೆಚ್ಚಿನವರು ಯಾರು? ಶರಣ ಬಂಧುಗಳೇ, ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ನಮ್ಮ ಮಕ್ಕಳು.

ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ನಾವು ರುಚಿ ನೋಡುವುದನ್ನು ಬಿಟ್ಟು ದಿನವೂ ಮಕ್ಕಳ ಸಾಲಿನಲ್ಲೇ ಕುಳಿತು ಉಂಡೆವು. ಊರ ಹಿರಿಯರೊಬ್ಬರು, ನಮ್ಮವರೇ, ಬಸವ ಜಯಂತಿಯ ಮೆರವಣಿಗೆಗೆ ಪ್ರತಿ ವರ್ಷ ಎತ್ತು ಶೃಂಗಾರ ಮಾಡಿ ಕೊಡುವವರು, ಆಫೀಸಿಗೆ ಬಂದು ಮೆತ್ತಗೆ ಹೇಳಿದರು: 'ಬಾಯಾರ, ಆಕೀನ್ನ ಸಾಲಿ ಕಸಾ ಹೊಡೀಲಿಕ್ಕ ಇಟ್ಟುಕೊಳ್ರಿ, ಒಲಿ ಮುಂದ ಬ್ಯಾಡ. ನಾವೇನ ಆಕಿ ಪಗಾರ ಕಸಗೊಳ್ಳಾಕ ಹೇಳವಲ್ಲಿ.' ನಾನು ಅವರಿಗೆ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿದೆ. ಕಲ್ಯಾಣದ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತಂದು ಬೇಯಿಸಿದ ತಾಯಿ ಅವಳು. ಗಂಡ ಮಾರಯ್ಯ ಅಂದಿನ ಕಾಯಕಕ್ಕಿಂತ ಹೆಚ್ಚು ತಂದಾಗ ಹಿಂದಕ್ಕೆ ಸುರಿದು ಬಾ ಎಂದವಳು. ಅವಳ ಒಲೆಯ ಮುಂದೆ ನಾವು ನೀವು ಕೂರುತ್ತಿದ್ದೆವೋ ಇಲ್ಲವೋ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. 'ಅದು ಪುರಾಣ ಹೇಳೂ ಮುಂದ ಸರಿ' ಎಂದು ಎದ್ದು ಹೋದರು.

ಸಮೀಪದ ಮಠದ ಪೂಜ್ಯರ ಬಳಿಗೆ ಹೋದೆ. ಒಂದು ಮಧ್ಯಾಹ್ನ ಬಂದು ಮಕ್ಕಳ ಜೊತೆ ಪ್ರಸಾದ ಸ್ವೀಕರಿಸಿರಿ, ಊರು ತಾನೇ ಸರಿಹೋಗುತ್ತದೆ ಎಂದು ಬೇಡಿಕೊಂಡೆ. ಬರುತ್ತೇನೆ ಎಂದರು. ದಿನ ಗೊತ್ತುಮಾಡಿದೆವು. ಆ ತಾಯಿ ಅಂದು ಬೆಳಗಿನ ಜಾವ ಬಂದು ಸಾಲಿಯ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು, ಸಜ್ಜಕ ಮಾಡಿದ್ದಳು. ಒಂದು ಗಂಟೆಗೆ ಮರಿ ಒಬ್ಬರು ಬಂದು, ಅಪ್ಪಾವರಿಗೆ ಬೇರೆ ಕಡೆ ಕಾರ್ಯಕ್ರಮ, ಆಶೀರ್ವಾದ ಕಳಿಸಿದ್ದಾರೆ ಎಂದರು. ಅವರು ಈಗ ಲಿಂಗೈಕ್ಯರು, ಹೆಸರು ಹೇಳುವುದಿಲ್ಲ. ಭಕ್ತರ ಮನಸ್ಸು ನೋಯಬಾರದೆಂದು ತಪ್ಪಿಸಿಕೊಂಡರೆಂದು ಆಮೇಲೆ ಗೊತ್ತಾಯಿತು. ಯಾವ ಭಕ್ತರ ಮನಸ್ಸು ಎಂದು ನಾನು ಕೇಳಬೇಕೆಂದಿದ್ದೆ. ಆ ತಾಯಿ ಸಜ್ಜಕವನ್ನು ಮಕ್ಕಳಿಗೆ ಬಡಿಸಿದಳು. ಏನೂ ಆಡಲಿಲ್ಲ.

ಊರು ಸರಿಹೋದದ್ದು ಯಾರ ಉಪದೇಶದಿಂದಲೂ ಅಲ್ಲ. ಒಗ್ಗರಣೆಯ ವಾಸನೆಯಿಂದ. ಒಂದನೆಯ, ಎರಡನೆಯ ತರಗತಿಯ ಸಣ್ಣವರು ಮೊದಲು ಬಂದರು. ತಣ್ಣಗಿನ ಡಬ್ಬಿ ಎಲ್ಲಿ, ಕುದಿಯುವ ಸಾರು ಎಲ್ಲಿ? ಡಬ್ಬಿಯ ರೊಟ್ಟಿಯನ್ನು ಪಕ್ಕದವನಿಗೆ ಕೊಟ್ಟು ಅವನ ಅನ್ನದಲ್ಲಿ ಕೈಹಾಕಿದರು. ಆಮೇಲೆ ಸುಗ್ಗಿ ಬಂತು, ಹೊಲಕ್ಕೆ ಹೋಗುವ ಅವ್ವಂದಿರಿಗೆ ಡಬ್ಬಿ ಕಟ್ಟಲು ಪುರಸತ್ತು ಆಗಲಿಲ್ಲ. ಎರಡು ತಿಂಗಳಲ್ಲಿ ಸಾಲು ತುಂಬಿತು. ಮೂರು ಮನೆಯವರು ಮಾತ್ರ ಮಕ್ಕಳನ್ನು ಬಿಡಿಸಿ ಬಸ್ಸಿನಲ್ಲಿ ಪಟ್ಟಣದ ಖಾಸಗಿ ಸಾಲಿಗೆ ಕಳಿಸತೊಡಗಿದರು. ಅವರು ತಿರುಗಿ ಬರಲಿಲ್ಲ. ಒಂದು ಮಾತು ಹೇಳಲೇಬೇಕು: ಇವತ್ತು ಆ ಊರಿನ ಅನುಕೂಲಸ್ಥರ ಮಕ್ಕಳೆಲ್ಲ ಅದೇ ಬಸ್ಸಿನಲ್ಲಿದ್ದಾರೆ. ಸರಕಾರಿ ಸಾಲಿಯ ಪಂಕ್ತಿಯಲ್ಲಿ ಈಗ ಭೇದವಿಲ್ಲ, ಏಕೆಂದರೆ ಭೇದ ಮಾಡುವವರ ಮಕ್ಕಳೇ ಅಲ್ಲಿಲ್ಲ. ಇಂಗ್ಲಿಷು ಕಲಿಯಲು ಕಳಿಸುತ್ತೇವೆ ಎನ್ನುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ನಮ್ಮ ಮಕ್ಕಳು ಯಾರ ಮಗ್ಗುಲಲ್ಲೂ ಕೂರದೆ ತಮ್ಮ ತಮ್ಮ ಡಬ್ಬಿ ತೆರೆದು ಉಂಡು ದೊಡ್ಡವರಾಗುತ್ತಿದ್ದಾರೆ.

ಈಗ ಮೊಟ್ಟೆಯ ವಿಚಾರ. ಸಂಘಟಕರ ಮುಖ ನೋಡುತ್ತಿದ್ದೇನೆ, ಗಾಬರಿಯಾಗಬೇಡಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಸಾಲಿಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ನಮ್ಮ ಕೆಲವು ಮಠಗಳಿಂದಲೇ ದೊಡ್ಡ ವಿರೋಧ ಬಂತು. ನಾನು ಮೊಟ್ಟೆ ತಿಂದವಳಲ್ಲ, ಇನ್ನು ತಿನ್ನುವವಳೂ ಅಲ್ಲ. ಆದರೆ ಆ ಭಾಗದ ಮಕ್ಕಳ ತೋಳು ಹಿಡಿದು ನೋಡಿದವಳು. ಬೆರಳುಗಳು ಒಂದನ್ನೊಂದು ಮುಟ್ಟುತ್ತವೆ. ನನ್ನ ಮನೆಯಲ್ಲಿ ಹಾಲು, ಮೊಸರು, ತುಪ್ಪ, ಶೇಂಗಾ ಇದ್ದವು, ಅದಕ್ಕೇ ಸಸ್ಯಾಹಾರ ನನಗೆ ಸುಲಭ. ಹಗಲು ಒಲೆ ಹೊತ್ತದ ಮನೆಯ ನನ್ನ ಆ ಗೆಳತಿಗೆ ವಾರಕ್ಕೆ ಎರಡು ಮೊಟ್ಟೆ ಸಿಕ್ಕಿದ್ದರೆ ಬೇಡ ಎನ್ನಲು ನಾನು ಯಾರು? ಬೇಡವಾದ ಮಗುವಿಗೆ ಬಾಳೆಹಣ್ಣು ಇದ್ದೇ ಇದೆ. ನನ್ನ ಚಿಂತೆ ಮೊಟ್ಟೆಯದಲ್ಲ. ಹೋದ ವರ್ಷ ಒಂದು ಸಾಲಿಗೆ ಹೋಗಿದ್ದೆ. ಮೊಟ್ಟೆ ತಿನ್ನುವವರನ್ನು ಒಂದು ಕೋಣೆಯಲ್ಲಿ, ಬಾಳೆಹಣ್ಣಿನವರನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿದ್ದರು. ಅನುಕೂಲಕ್ಕೆ ಎಂದರು ಶಿಕ್ಷಕರು. ಬಾಳೆಹಣ್ಣಿನ ಕೋಣೆಯ ಹಣೆಗಳನ್ನು ನೋಡಿದೆ, ಮೊಟ್ಟೆಯ ಕೋಣೆಯ ಮುಖಗಳನ್ನು ನೋಡಿದೆ. ಬೇವಿನ ಬುಡ ಒಂದು ಕಡೆ, ಗೋಡೆ ಒಂದು ಕಡೆ. ಒಂದೇ ಸಾಲಿನಲ್ಲಿ ಕುಳಿತು ಒಬ್ಬನ ಕೈಗೆ ಮೊಟ್ಟೆ, ಇನ್ನೊಬ್ಬನ ಕೈಗೆ ಬಾಳೆಹಣ್ಣು ಕೊಡಲು ಆ ಶಿಕ್ಷಕರಿಗೆ ಏನು ತೊಂದರೆಯಿತ್ತು? ಆ ಮಾತನ್ನು ಅಲ್ಲಿಯೇ ಆಡಿದೆ. ಮರುವಾರ ಒಂದೇ ವರಾಂಡದಲ್ಲಿ ಕೂರಿಸಿದ ಫೋಟೋ ಕಳಿಸಿದರು. ನನಗಾಗಿ ಅಂದು ಒಂದು ದಿನ ಕೂರಿಸಿದ್ದೋ, ದಿನವೂ ಹಾಗೆಯೋ, ಹೇಳದೆ ಹೋಗಿ ನೋಡಬೇಕು.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಗಾಡಿಗಳಲ್ಲಿ ಬರುತ್ತವೆ. ನೀವೂ ಕಳಿಸಿರುತ್ತೀರಿ. ಮಹಾದಾಸೋಹದ ಆ ರಾಶಿಯಲ್ಲಿ ಯಾವ ರೊಟ್ಟಿಯನ್ನು ಯಾವ ಓಣಿಯ ಕೈ ಬಡಿದಿದೆ ಎಂದು ಯಾರೂ ಗುರುತು ಹಿಡಿಯಲಾರರು, ಹಿಡಿಯಲು ಹೋಗುವುದೂ ಇಲ್ಲ. ಜಾತ್ರೆಯಲ್ಲಿ ಮುರಿದು ಬಾಯಿಗಿಟ್ಟುಕೊಳ್ಳುವ ರೊಟ್ಟಿಯನ್ನು ಸಾಲಿಯಲ್ಲಿ ಮಗುವಿನ ತಟ್ಟೆಗೆ ಬೀಳದಂತೆ ನೋಡಿಕೊಳ್ಳುವವರೂ ನಾವೇ. ಇದಕ್ಕೆ ಕಾರಣವೇನು ಎಂದು ಪೂಜ್ಯರು ತಮ್ಮ ಆಶೀರ್ವಚನದಲ್ಲಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಹೊತ್ತಾಯಿತು, ಕೆಳಗೆ ಪ್ರಸಾದದ ಗಂಟೆ ಬಾರಿಸುತ್ತಿದ್ದಾರೆ. ಅತಿಥಿಗಳಿಗೆ ಮೇಲಿನ ಮಹಡಿಯಲ್ಲಿ ಮೇಜು ಹಾಕಿದ್ದೇವೆ ಎಂದು ಸಂಘಟಕರು ಪ್ರೀತಿಯಿಂದ ಹೇಳಿದ್ದಾರೆ. ನನ್ನ ಮೊಣಕಾಲೂ ಈಗ ಆ ಸಿಪಾಯಿ ಅಜ್ಜನ ಮೊಣಕಾಲಿನಂತಾಗಿದೆ, ಮೆಟ್ಟಿಲು ಹತ್ತಲಾಗದು. ಕೆಳಗಿನ ಸಾಲಿನಲ್ಲೇ ಒಂದು ಎಲೆ ಹಾಕಿಸಿರಿ. ಮೇಲೆ ಹಾಕಿದ ಮೇಜುಗಳ ಮೇಲೆ ಅಡುಗೆಯ ತಾಯಂದಿರನ್ನು ಕೂರಿಸಿ ಬಿಸಿರೊಟ್ಟಿ ಬಡಿಸುವುದಾದರೆ ಬಡಿಸಲು ಮಾತ್ರ ನಾನು ಹೇಗಾದರೂ ಮಾಡಿ ಹತ್ತುತ್ತೇನೆ.